ಕಟ್ಟೆ ಮೀಮಾಂಸೆ ಅಥವಾ ದೇವದತ್ತನ ಸಂಜೆ ನಡವಳಿಕೆ

ಶಾಸ್ತ್ರ ಬರೆಯಲು ಹೊರಟವನು ಮೊದಲು ಅನುಬಂಧ ಚತುಷ್ಟಯವನ್ನು ಹೇಳಬೇಕು. ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ಈ ನಾಲ್ಕನ್ನು ಹೇಳದೆ ಬರೆದರೆ ಪಂಡಿತರು ಓದುವುದಿಲ್ಲ, ಹೇಳಿ ಬರೆದರೆ ಉಳಿದವರು ಓದುವುದಿಲ್ಲ. ಈ ಪ್ರಬಂಧಕಾರ ಪಂಡಿತರ ಕಡೆ. ವಿಷಯವೆಂದರೆ, ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ ಶಾಲೆ ಬಿಟ್ಟ ಹೊತ್ತಿನಿಂದ ಟ್ಯೂಷನ್ ಶುರುವಾಗುವ ಹೊತ್ತಿನವರೆಗೆ ಪರರ ಕಾಂಪೌಂಡಿನ ಕಟ್ಟೆ ಮೇಲೆ ಕೂತಿರುವ ಹೈಸ್ಕೂಲು ಮಕ್ಕಳ ನಡವಳಿಕೆ. ಪ್ರಯೋಜನ, ನಿವಾಸಿಗಳ ರಕ್ತದೊತ್ತಡದ ಶಮನ. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು ಯಾರೆಂದರೆ, ಗೇಟಿಗೆ ‘ನೋ ಪಾರ್ಕಿಂಗ್’ ಫಲಕ ತೂಗುಹಾಕಿ, ನಾಯಿಗೆಂದು ಕೋಲು ಹಿಡಿದು ವಾಕಿಂಗ್ ಹೋಗುತ್ತ, ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂಬ ಮಂತ್ರವನ್ನು ನಿತ್ಯ ಜಪಿಸುವ ಮುಮುಕ್ಷು. ಸಂಬಂಧದ ಬಗ್ಗೆ ಹೆಚ್ಚು ಹೇಳದಿರುವುದು ಒಳ್ಳೆಯದು. ಕಟ್ಟೆ ಮೇಲಿನ ಹುಡುಗನನ್ನು ಬಾಯಿಗೆ ಬಂದಂತೆ ಬೈದ ಮೇಲೆ ಅವನು ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಖಜಾಂಚಿಯ ತಂಗಿಯ ಮಗ ಎಂದು ಗೊತ್ತಾಗಿ, ಎರಡು ಮನೆಗಳ ನಡುವೆ ಅರಿಶಿನ ಕುಂಕುಮದ ವಿನಿಮಯ ನಿಂತುಹೋದದ್ದು ಈ ಬೀದಿಯ ಇತಿಹಾಸದಲ್ಲಿ ದಾಖಲಾಗಿದೆ.

ಉದಾಹರಣೆಗೆ ಒಬ್ಬ ಮನುಷ್ಯ ಬೇಕಾದಾಗಲೆಲ್ಲ ನಮ್ಮ ಶಾಸ್ತ್ರಕಾರರು ದೇವದತ್ತನನ್ನು ಕರೆಸುತ್ತಾರೆ. ಹಗಲು ಉಣ್ಣದೆಯೂ ದಪ್ಪಗಿರುವವನು ದೇವದತ್ತ. ಬದುಕಿದ್ದೂ ಮನೆಯಲ್ಲಿಲ್ಲದವನು ದೇವದತ್ತ. ವ್ಯಾಕರಣದವರ ಬಿಳಿ ಹಸುವನ್ನು ಕೋಲಿನಿಂದ ಅಟ್ಟಿಕೊಂಡು ಬರಬೇಕಾದವನೂ ಅವನೇ. ನೆರವಿಗೆ ಯಜ್ಞದತ್ತ, ವಿಷ್ಣುಮಿತ್ರ ಎಂಬ ಇಬ್ಬರು ಗೆಳೆಯರು. ಎರಡು ಸಾವಿರ ವರ್ಷ ಹೀಗೆ ದುಡಿಸಿಕೊಂಡರೂ ಇವನು ಎಲ್ಲಿ ಓದಿದ, ಸಂಜೆ ಏನು ಮಾಡುತ್ತಿದ್ದ ಎಂದು ಯಾರೂ ವಿಚಾರಿಸಲಿಲ್ಲ. ಆ ಕೊರತೆಯನ್ನು ತುಂಬಲಿಕ್ಕಾಗಿ ನಮ್ಮ ದೇವದತ್ತನನ್ನು ಒಂಬತ್ತನೇ ತರಗತಿ ‘ಬಿ’ ಸೆಕ್ಷನ್ನಿಗೆ ಸೇರಿಸಲಾಗಿದೆ. ಹುಡುಗಿಯರಿಗೆ ಶಾಸ್ತ್ರದಲ್ಲಿ ಇಂಥ ಸಿದ್ಧ ಹೆಸರಿಲ್ಲ. ದೇವದತ್ತೆ ಎಂದಿಟ್ಟುಕೊಳ್ಳೋಣ.

ಕಟ್ಟೆಯ ಉತ್ಪತ್ತಿ

ಕಾರಣವಿಲ್ಲದೆ ಕಾರ್ಯವಿಲ್ಲ. ಮಡಕೆಗೆ ಮಣ್ಣು ಸಮವಾಯಿ ಕಾರಣ, ಕುಂಬಾರ ನಿಮಿತ್ತ ಕಾರಣ ಎನ್ನುತ್ತಾರೆ ನೈಯಾಯಿಕರು. ಕಟ್ಟೆ ಮೇಲಿನ ಕೂಟಕ್ಕೆ ಸಮವಾಯಿ ಕಾರಣ ಚರಂಡಿಯ ಮೇಲೆ ಹಾಸಿದ ಕಲ್ಲು ಚಪ್ಪಡಿ ಮತ್ತು ಅದಕ್ಕೆ ಒತ್ತಿಕೊಂಡಿರುವ ಮೊಣಕಾಲೆತ್ತರದ ಹಳೆಯ ಕಾಂಪೌಂಡು. ಹೊಂಗೆ ಮರದ ನೆರಳು ಸಹಕಾರಿ ಕಾರಣ. ನಿಮಿತ್ತ ಕಾರಣ ಟ್ಯೂಷನ್ನು. ಶಾಲೆ ನಾಲ್ಕು ಚಿಲ್ಲರೆಗೆ ಬಿಡುತ್ತದೆ, ಲೆಕ್ಕದ ಟ್ಯೂಷನ್ ಐದೂವರೆಗೆ. ನಡುವಿನ ಸಮಯದಲ್ಲಿ ಬಸ್ಸು ಹತ್ತಿ ಮನೆಗೆ ಹೋಗಿ, ಕಾಲು ತೊಳೆದು, ‘ಈಗ ತಾನೇ ಬಂದೆ, ಮತ್ತೆ ಎಲ್ಲಿಗೆ’ ಎಂದು ಅಜ್ಜಿಯಿಂದ ಕೇಳಿಸಿಕೊಂಡು ವಾಪಸು ಬರುವುದು ಮಲ್ಲೇಶ್ವರದ ಟ್ರಾಫಿಕ್ಕಿನಲ್ಲಿ ಆಗದ ಮಾತು. ಹೀಗೆ ಮನೆಗೂ ಸಲ್ಲದ, ಶಾಲೆಗೂ ಸಲ್ಲದ ಒಂದು ಗಂಟೆ ದೇವದತ್ತನಿಗೆ ನಿತ್ಯ ಲಭ್ಯ. ಅದನ್ನು ಅವನು ಎಲ್ಲಿಯಾದರೂ ಕಳೆಯಲೇಬೇಕು.

ಇತಿಹಾಸದ ಕೈವಾಡವೂ ಇದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಹೋಗಲೆಂದು ಮಲ್ಲೇಶ್ವರ, ಬಸವನಗುಡಿಗಳು ಬೆಳೆದವು. ನೇರ ರಸ್ತೆ, ಗಾಳಿ ಬೆಳಕು, ಮನೆಗಳ ಬೆನ್ನಿಗೆ ಶೌಚದ ಕೆಲಸದವರು ಓಡಾಡಲು ಕನ್ಸರ್ವೆನ್ಸಿ ಗಲ್ಲಿ. ಒಳಚರಂಡಿ ಬಂದ ಮೇಲೆ ಆ ಗಲ್ಲಿಗಳಿಗೆ ಕೆಲಸವಿಲ್ಲದಾಯಿತು. ಕೆಲಸವಿಲ್ಲದ ಜಾಗವನ್ನು ಕೆಲಸವಿಲ್ಲದ ಗಂಟೆ ಹುಡುಕಿಕೊಂಡು ಬರುವುದು ಪ್ರಕೃತಿ ನಿಯಮ. ಗಲ್ಲಿ ಕ್ರಿಕೆಟ್ಟು, ಮೊದಲ ಸಿಗರೇಟು, ಮೊದಲ ಪ್ರೇಮಪತ್ರದ ಆಧುನಿಕ ರೂಪವಾದ ಇನ್ಸ್ಟಾ ಐಡಿಯ ವಿನಿಮಯ, ಎಲ್ಲಕ್ಕೂ ಅಂದಿನ ನಗರ ಯೋಜಕರು ತಮಗೆ ತಿಳಿಯದೆಯೇ ಸ್ಥಳ ಮಂಜೂರು ಮಾಡಿ ಹೋಗಿದ್ದಾರೆ. ಅದೇ 1898ರಲ್ಲಿ ಚಿಕ್ಕಪೇಟೆಯಲ್ಲಿ ಹಾಸನ ಸೀಮೆಯಿಂದ ಬಂದ ತಿರುಮಲಾಚಾರ್ ಅವರ ಬೆಂಗಳೂರು ಬ್ರದರ್ಸ್ ಬೇಕರಿ ಶುರುವಾಗಿ, ಅಯ್ಯಂಗಾರ್ ಬೇಕರಿ ಎಂಬ ಪರಂಪರೆಗೆ ನಾಂದಿಯಾಯಿತು. ಒಂದೇ ವರ್ಷ ಗಲ್ಲಿಗೂ ಕಾರಣ, ಖಾರಾ ಬನ್ನಿಗೂ ಕಾರಣ. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋದಂಥ ಈ ಕಾಕತಾಳೀಯದಿಂದ ದೇವದತ್ತನ ಸಂಜೆಯ ಸಾಮಗ್ರಿಯೆಲ್ಲ ಒಂದೂಕಾಲು ಶತಮಾನ ಮೊದಲೇ ಸಿದ್ಧವಾಯಿತು. ನಿವಾಸಿಗಳು ದೂರು ಕೊಡುವುದಿದ್ದರೆ ಮೈಸೂರು ಮಹಾರಾಜರ ಸರ್ಕಾರಕ್ಕೇ ಕೊಡಬೇಕು.

ಲಕ್ಷಣ ವಿಚಾರ

ಯಾರ ಮೇಲೆ ದೂರು ಕೊಡುತ್ತೀರೋ ಅವರ ಲಕ್ಷಣವನ್ನು ಮೊದಲು ನಿಷ್ಕರ್ಷೆ ಮಾಡಬೇಕು. ಲಕ್ಷಣಕ್ಕೆ ಮೂರು ದೋಷ ಸಂಭವ. ಹೇಳಬೇಕಾದ್ದನ್ನು ಬಿಟ್ಟರೆ ಅವ್ಯಾಪ್ತಿ, ಹೇಳಬಾರದ್ದನ್ನು ಎಳೆದುಕೊಂಡರೆ ಅತಿವ್ಯಾಪ್ತಿ, ಎಲ್ಲಿಯೂ ಅನ್ವಯವಾಗದಿದ್ದರೆ ಅಸಂಭವ. ಕ್ಷೇಮಾಭಿವೃದ್ಧಿ ಸಂಘದ ಸಭೆಯಲ್ಲಿ ‘ಪುಂಡ ವಿದ್ಯಾರ್ಥಿ’ಯ ಲಕ್ಷಣ ಕಟ್ಟಲು ನಡೆದ ಪ್ರಯತ್ನವನ್ನು ಇಲ್ಲಿ ಯಥಾಸ್ಥಿತಿ ದಾಖಲಿಸುತ್ತೇನೆ.

ಮೊದಲ ಲಕ್ಷಣ ಮಹಡಿ ಮನೆಯ ನಿವೃತ್ತ ಲೆಕ್ಕಾಧಿಕಾರಿಗಳದು: ಸಾರ್ವಜನಿಕ ಸ್ಥಳದಲ್ಲಿ ಗಟ್ಟಿಯಾಗಿ ನಗುವವನೇ ಪುಂಡ. ಇದಕ್ಕೆ ಅತಿವ್ಯಾಪ್ತಿ ದೋಷವಿದೆ. ಬೆಳಗಿನ ಜಾವ ಪಾರ್ಕಿನಲ್ಲಿ ಎರಡೂ ಕೈ ಆಕಾಶಕ್ಕೆತ್ತಿ ಹೋ ಹೋ ಹಾ ಹಾ ಎಂದು ನಗುವ ಕೂಟದ ಸಂಚಾಲಕರು ಅದೇ ಸಭೆಯಲ್ಲಿ ಎರಡನೇ ಸಾಲಿನಲ್ಲಿ ಕೂತಿದ್ದರು. 1995ರಲ್ಲಿ ಮುಂಬೈಯ ವೈದ್ಯ ಮದನ್ ಕಟಾರಿಯಾ ಶುರುಮಾಡಿದ ಈ ನಗೆ ಕೂಟ ಇಂದು ಜಗತ್ತನ್ನೆಲ್ಲ ವ್ಯಾಪಿಸಿದೆ, ನಮ್ಮ ಪಾರ್ಕನ್ನಂತೂ ಪೂರ್ತಿ ವ್ಯಾಪಿಸಿದೆ. ‘ನಮ್ಮದು ಕಾರಣವಿಲ್ಲದ ನಗು, ಆರೋಗ್ಯಕ್ಕೆ’ ಎಂದು ಸಂಚಾಲಕರು ಸಮರ್ಥಿಸಿಕೊಂಡರು. ಕಾರಣವಿಲ್ಲದೆ ನಕ್ಕರೆ ಆರೋಗ್ಯ, ಕಾರಣವಿದ್ದು ನಕ್ಕರೆ ಪುಂಡಾಟ ಎಂದು ಲಕ್ಷಣವನ್ನು ಪರಿಷ್ಕರಿಸಲಾಯಿತು. ಯಜ್ಞದತ್ತನ ಪ್ಯಾಂಟು ಹೊಲಿಗೆ ಬಿಟ್ಟದ್ದು ನಗಲು ಸಾಕಷ್ಟು ಕಾರಣ ಎನ್ನುವುದನ್ನು ಯಾರೂ ಅಲ್ಲಗಳೆಯಲಿಲ್ಲ.

ಶಬ್ದದ ಅಳತೆಯೇ ಮೇಲೆಂದು ಇಂಜಿನಿಯರೊಬ್ಬರು ಸೂಚಿಸಿದರು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಇನ್ನೂ ಸ್ವಾರಸ್ಯವಾದದ್ದು, ಶಾಲೆಯ ಸುತ್ತಲ 100 ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಲ್ಲಿ ಹಗಲಿನ ಮಿತಿ ಬರೀ 50. ಅಂದರೆ ಊರು ಗಲಾಟೆ ಮಾಡಿ ಶಾಲೆಗೆ ತೊಂದರೆ ಕೊಡಬಾರದೆಂದು ಕಾನೂನು ಯೋಚಿಸಿದೆಯೇ ಹೊರತು, ಶಾಲೆ ಬಿಟ್ಟಾಗ ಊರಿಗೆ ಆಗುವ ತೊಂದರೆ ಅದರ ಕಲ್ಪನೆಗೆ ಬಂದಿಲ್ಲ. ಇಂಜಿನಿಯರರು ಮೊಬೈಲಿನಲ್ಲಿ ಶಬ್ದಮಾಪಕ ಇಳಿಸಿಕೊಂಡು ಕಿಟಕಿ ಬಳಿ ನಿಂತರು. ಆ ಹೊತ್ತಿಗೆ ಗುಜರಿಯವನ ಧ್ವನಿವರ್ಧಕ, ಎದುರು ಮನೆಯ ಗ್ರಾನೈಟ್ ಕೊಯ್ಯುವ ಯಂತ್ರ, ಸೊಪ್ಪಿನವಳ ಕೂಗು, ಹಾರ್ನು ಒತ್ತಿದ ಕೈ ತೆಗೆಯಲು ಮರೆತ ಕ್ಯಾಬು, ಎಲ್ಲ ಒಟ್ಟಿಗೆ ಬಂದು ದೇವದತ್ತನ ಪಾಲು ಎಷ್ಟೆಂದು ವಿಂಗಡಿಸಲಾಗಲಿಲ್ಲ. ಗಣೇಶೋತ್ಸವದ ವಾರದಲ್ಲಿ ಅಳೆಯೋಣ ಎಂದ ಯುವಕನನ್ನು ಸಭೆಯಿಂದ ಹೊರಗೆ ಕಳಿಸಲಾಯಿತು.

ಮುಂದಿನ ಲಕ್ಷಣಗಳ ಗತಿಯೂ ಇದೇ. ಗುಂಪು ಕಟ್ಟಿಕೊಂಡು ಕೆಲಸವಿಲ್ಲದೆ ನಿಲ್ಲುವವನು ಎಂದರೆ ಕಾಫಿ ಕೌಂಟರಿನ ಮುಂದೆ ದಿನವೂ ನಿಲ್ಲುವ ಪೆನ್ಷನ್ ಬಳಗ ಸಿಕ್ಕಿಕೊಳ್ಳುತ್ತದೆ. ದಾರಿಗೆ ಅಡ್ಡವಾಗುವವನು ಎಂದರೆ ಫುಟ್‌ಪಾತಿನ ಮೇಲೆ ಹತ್ತಿಸಿ ನಿಲ್ಲಿಸಿದ ಕಾರುಗಳ ಒಡೆಯರೆಲ್ಲ ಎದ್ದು ನಿಲ್ಲಬೇಕಾಗುತ್ತದೆ. ಹಿರಿಯರನ್ನು ಕಂಡೂ ಫೋನಿನಿಂದ ತಲೆ ಎತ್ತದವನು ಎಂದಾಗ ಸಭಿಕರಲ್ಲಿ ಅರ್ಧ ಜನ ಫೋನಿನಿಂದ ತಲೆ ಎತ್ತಲಿಲ್ಲ. ಕೊನೆಗೆ ಮೂರೂ ದೋಷಗಳಿಲ್ಲದ ಲಕ್ಷಣವೊಂದು ಸಿದ್ಧವಾಯಿತು: ಈ ಎಲ್ಲವನ್ನೂ ಯೂನಿಫಾರ್ಮು ತೊಟ್ಟು ಮಾಡುವವನೇ ಪುಂಡ. ಚಪ್ಪಾಳೆ ಬಿತ್ತು. ಆದರೆ ತನ್ನ ಹುಟ್ಟುಹಬ್ಬದ ದಿನ ದೇವದತ್ತ ಬಣ್ಣದ ಅಂಗಿ ತೊಟ್ಟು ಬಂದು ಲಕ್ಷಣವನ್ನು ಅವ್ಯಾಪ್ತಿಗೆ ಗುರಿಮಾಡಿದ.

ಪ್ರಮಾಣ ವಿಚಾರ

ಕಿಟಕಿ ಗಾಜು ಒಡೆದಿದೆ. ಒಡೆದವರು ಯಾರು? ಜ್ಞಾನಕ್ಕೆ ಪ್ರಮಾಣ ಬೇಕು.

ಪ್ರತ್ಯಕ್ಷ ಇಲ್ಲ. ಸಿಸಿ ಕ್ಯಾಮೆರಾ ಇದೆಯಾದರೂ ಅದು ಮನೆಯೊಡೆಯರ ಕಾರನ್ನಷ್ಟೇ ಅನಿಮಿಷವಾಗಿ ನೋಡುತ್ತಿರುತ್ತದೆ. ಅನುಮಾನಕ್ಕೆ ಬರೋಣ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯಿದೆ ಎಂದು ತಿಳಿಯುವುದು ಶಾಸ್ತ್ರದ ಪ್ರಸಿದ್ಧ ದೃಷ್ಟಾಂತ. ಕನ್ಸರ್ವೆನ್ಸಿ ಗಲ್ಲಿಯಲ್ಲಿ ಹೊಗೆ ಕಂಡರೆ ಬೆಂಕಿಯ ಜೊತೆ ಯಜ್ಞದತ್ತನೂ ಇದ್ದಾನೆ ಎಂದು ನಮ್ಮ ಬೀದಿ ಅದನ್ನು ವಿಸ್ತರಿಸಿದೆ. ಇದರಲ್ಲಿ ನಿಜವಿಲ್ಲದೇ ಇಲ್ಲ. 2003ರ ಕಾಯಿದೆ ಹದಿನೆಂಟರೊಳಗಿನವರಿಗೆ ತಂಬಾಕು ಮಾರಬಾರದು, ಶಾಲೆಯಿಂದ 100 ಗಜದೊಳಗೆ ಯಾರಿಗೂ ಮಾರಬಾರದು ಎಂದಿತು; ಕರ್ನಾಟಕ 2025ರಲ್ಲಿ ಆ ವಯಸ್ಸನ್ನು ಇಪ್ಪತ್ತೊಂದಕ್ಕೆ ಏರಿಸಿತು. ಆ ನೂರು ಗಜವನ್ನು ಬಿಡಿ ಸಿಗರೇಟಿನ ಅಂಗಡಿಗಳು ಯಾವ ಕಾಲಿನಿಂದ ಅಳೆಯುತ್ತವೆ ಎನ್ನುವುದು ಬೇರೊಂದು ಪ್ರಬಂಧದ ವಸ್ತು. ಯಜ್ಞದತ್ತ ಸೇದಿದ್ದಕ್ಕೆ ಇಡೀ ಬೀದಿ ಸಾಕ್ಷಿ, ಅವನಿಗೆ ಮಾರಿದ್ದಕ್ಕೆ ಒಬ್ಬ ಸಾಕ್ಷಿಯೂ ಇಲ್ಲ.

ಉಪಮಾನ ಪ್ರಮಾಣ ಸುಲಭ. ಹಸುವಿನಂತಿರುವುದು ಗವಯ ಎಂದು ಕೇಳಿದವನು ಕಾಡಿನಲ್ಲಿ ಗವಯವನ್ನು ಗುರುತಿಸುವಂತೆ, ಹೋದ ವರ್ಷದ ಬ್ಯಾಚಿನ ಹಾಗಿರುವವರು ಈ ವರ್ಷದವರು ಎಂದು ತಿಳಿಯುವುದು. ಶಬ್ದ ಪ್ರಮಾಣವೆಂದರೆ ಆಪ್ತವಾಕ್ಯ. ನಮ್ಮಲ್ಲಿ ಅದು ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವನ ಮಾತು. ‘ಮೂರು ಜನ ಇದ್ರು ಸಾರ್, ಒಬ್ಬ ಉದ್ದ ಇದ್ದ’ ಎಂದು ಅವನು ಹೇಳಿದ ಮೇಲೆ ವಿಷ್ಣುಮಿತ್ರನಿಗೆ ಪಾರಾಗುವ ದಾರಿಯಿಲ್ಲ. ಎಂಟನೇ ತರಗತಿಯ ಬೇಸಿಗೆ ರಜೆಯಲ್ಲಿ ಒಂದೇ ಸಮನೆ ಉದ್ದವಾದದ್ದು ಅವನು ಮಾಡಿದ ಅಪರಾಧ.

ಮೀಮಾಂಸಕರು ಇನ್ನೆರಡು ಪ್ರಮಾಣ ಸೇರಿಸುತ್ತಾರೆ. ಅರ್ಥಾಪತ್ತಿಯ ಸ್ವರೂಪ ಹೀಗೆ: ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಸಾವಿರಾರು ವರ್ಷ ಈ ರಹಸ್ಯವನ್ನು ರಾತ್ರಿಗೆ ಹೊರಿಸಿದ ಆಚಾರ್ಯರಿಗೆ ಬೇಕರಿಯ ಪರಿಚಯವಿರಲಿಲ್ಲ. ದೇವದತ್ತನ ಅಮ್ಮ ಕೊಟ್ಟ ಚಪಾತಿ ಪಲ್ಯದ ಡಬ್ಬಿ ಹಾಗೇ ವಾಪಸು ಬರುತ್ತದೆ, ಹುಡುಗ ಮಾತ್ರ ಸೊರಗುವುದಿಲ್ಲ. ಮಧ್ಯೆ ಒಂದು ಎಗ್ ಪಫ್, ಅರ್ಧ ದಿಲ್‌ಪಸಂದ್, ಯಾರೋ ಕೊಡಿಸಿದ ಗೋಬಿ ಮಂಚೂರಿ ಇದ್ದೇ ಇದೆ ಎಂದು ಕಲ್ಪಿಸಿಕೊಳ್ಳದೆ ವಿಧಿಯಿಲ್ಲ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದೆಂದು ನಿಷೇಧಿಸಿದ ಮೇಲೆ ಕೆಂಪು ತುಟಿಯ ಸಾಕ್ಷ್ಯವೂ ಇಲ್ಲವಾಯಿತು. ಇನ್ನು ಅನುಪಲಬ್ಧಿ. ನೆಲದ ಮೇಲೆ ಮಡಕೆ ಕಾಣದಿದ್ದರೆ ಮಡಕೆಯ ಅಭಾವದ ಜ್ಞಾನವಾಗುತ್ತದೆ. ಕಟ್ಟೆ ಮೇಲೆ ಹುಡುಗರು ಕಾಣದಿದ್ದರೆ ನಮ್ಮ ನಿವಾಸಿಗಳಿಗೆ ಆಗುವ ಜ್ಞಾನವೇ ಬೇರೆ: ‘ಎಲ್ಲೋ ಇನ್ನೂ ದೊಡ್ಡದು ಏನೋ ಮಾಡ್ತಾ ಇದಾರೆ.’ ಕುಮಾರಿಲ ಭಟ್ಟರಿಗೂ ಹೊಳೆಯದ ಪರಿಷ್ಕಾರ.

ಗಾಜು ಒಡೆದದ್ದು ತೆಂಗಿನ ಗರಿ ಬಿದ್ದು ಎಂದು ಆಮೇಲೆ ತಿಳಿಯಿತು. ಪ್ರಮಾಣಗಳಿಗೆ ಇದರಿಂದ ಏನೂ ಬಾಧಕವಾಗಲಿಲ್ಲ.

ಪರಮತ ಖಂಡನೆ

ಈ ಘಟ್ಟದಲ್ಲಿ ಯಾರಾದರೂ ಸಾಕ್ರಟೀಸನನ್ನು ತರುತ್ತಾರೆ. ಇಂದಿನ ಯುವಕರು ಐಷಾರಾಮಿಗಳು, ಹಿರಿಯರಿಗೆ ಗೌರವ ಕೊಡುವುದಿಲ್ಲ ಎಂದು ಅವನೂ ಗೊಣಗಿದ್ದನೆಂಬ ಸಂದೇಶ ಗುಲಾಬಿ ಹೂವಿನ ಚಿತ್ರದೊಂದಿಗೆ ಸಂಘದ ವಾಟ್ಸ್ಯಾಪ್ ಗುಂಪಿಗೆ ಬಂದಿತ್ತು. ಅದು ಸಾಕ್ರಟೀಸನ ಮಾತಲ್ಲ. ಕೆನೆತ್ ಜಾನ್ ಫ್ರೀಮನ್ ಎಂಬ ಕೇಂಬ್ರಿಜಿನ ತರುಣ ವಿದ್ವಾಂಸ ಗ್ರೀಕರ ಶಿಕ್ಷಣದ ಬಗ್ಗೆ ಪ್ರಬಂಧ ಬರೆದಾಗ ಆ ಕಾಲದ ಹಿರಿಯರ ಗೊಣಗಾಟಗಳನ್ನೆಲ್ಲ ತನ್ನದೇ ಮಾತಿನಲ್ಲಿ ಒಟ್ಟುಗೂಡಿಸಿದ. 1907ರಲ್ಲಿ ಅದು ಪುಸ್ತಕವಾಯಿತು. ಆಮೇಲೆ ಜನ ಫ್ರೀಮನ್ನನನ್ನು ಬಿಟ್ಟು ಸಾಕ್ರಟೀಸನನ್ನು ಇಟ್ಟುಕೊಂಡರು. ಎಳೆಯರನ್ನು ಬೈಯುವ ಅತ್ಯಂತ ಪ್ರಾಚೀನ ಮಾತನ್ನು ಒಬ್ಬ ಎಳೆಯನೇ ಬರೆದುಕೊಟ್ಟ ಎನ್ನುವುದನ್ನು ನಾನು ಗುಂಪಿನಲ್ಲಿ ಹಾಕಿದೆ. ಉತ್ತರವಾಗಿ ಎರಡು ಕೈ ಮುಗಿದ ಚಿತ್ರ ಬಂತು, ಹಿಂದೆಯೇ ಅದೇ ಸಾಕ್ರಟೀಸ್ ಮತ್ತೊಮ್ಮೆ ಬಂದ. ಈ ಸಲ ಹೂವು ದಾಸವಾಳ.

ಮನಶ್ಶಾಸ್ತ್ರದವರ ಮತ ಕೊಂಚ ಗೌರವಾರ್ಹ. 2005ರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಅಮೆರಿಕದ ಸಂಶೋಧಕರು ಕಾರು ಓಡಿಸುವ ಕಂಪ್ಯೂಟರ್ ಆಟವೊಂದನ್ನು ಬೇರೆ ಬೇರೆ ವಯಸ್ಸಿನವರಿಂದ ಆಡಿಸಿದರು. ಕೆಲವರನ್ನು ಒಂಟಿಯಾಗಿ, ಕೆಲವರನ್ನು ಗೆಳೆಯರ ಜೊತೆ. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರ ದುಡುಕು ಹೆಚ್ಚಿತು, ವಯಸ್ಕರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಇದನ್ನು ನಮ್ಮ ಬೀದಿ ಯಾವ ಉಪಕರಣವೂ ಇಲ್ಲದೆ ಕಂಡುಕೊಂಡಿದೆ. ದೇವದತ್ತ ಒಬ್ಬನೇ ಎದುರಾದರೆ ‘ನಮಸ್ತೆ ಅಂಕಲ್’ ಎನ್ನುತ್ತಾನೆ, ಕೈಯಲ್ಲಿರುವ ತರಕಾರಿ ಚೀಲ ಕೊಡಿ ಎನ್ನುತ್ತಾನೆ. ಯಜ್ಞದತ್ತ ಜೊತೆಗಿದ್ದರೆ ಗೋಣು ಅಲ್ಲಾಡಿಸುತ್ತಾನೆ. ವಿಷ್ಣುಮಿತ್ರನೂ ಸೇರಿದರೆ ನೀವು ಯಾರೆಂದೇ ಗೊತ್ತಿಲ್ಲದವನಂತೆ ಮೊಬೈಲ್ ಟವರಿನ ಸೌಂದರ್ಯವನ್ನು ನೋಡುತ್ತಾನೆ. ವಯಸ್ಕರಲ್ಲಿ ವ್ಯತ್ಯಾಸವಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಒಬ್ಬೊಬ್ಬರೇ ಸಿಕ್ಕಾಗ ‘ಪಾಪ, ಮಕ್ಕಳು’ ಎನ್ನುವ ನಿವಾಸಿಗಳು ಸಭೆಯಲ್ಲಿ ಹನ್ನೆರಡು ಜನ ಸೇರಿದೊಡನೆ ಪೊಲೀಸರಿಗೆ ಮನವಿ ಬರೆಯುತ್ತಾರೆ.

ಆಟದ ಮೈದಾನವಿಲ್ಲದ್ದೇ ಮೂಲ ರೋಗ ಎನ್ನುವವರೂ ಇದ್ದಾರೆ. ಇವರ ಬಳಿ ದಾಖಲೆಯಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಶಾಲೆಗೆ ಏನೇನು ಇರಬೇಕೆಂಬ ಪಟ್ಟಿಯಿದೆ. ಆಟದ ಮೈದಾನ ಇರಬೇಕು, ಕಾಂಪೌಂಡ್ ಗೋಡೆ ಅಥವಾ ಬೇಲಿಯೂ ಇರಬೇಕು. ಎರಡಕ್ಕೂ ಜಾಗ ಸಾಲದ ಕಡೆ ಯಾವುದು ಉಳಿದಿದೆ ಎಂಬುದನ್ನು ಬೆಂಗಳೂರಿನಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಆದರೆ ಅದಕ್ಕಿಂತ ಸೊಗಸಾದ ಸೂಕ್ಷ್ಮ ಇನ್ನೊಂದಿದೆ. ಆ ಕಾಯಿದೆ ಆರರಿಂದ ಹದಿನಾಲ್ಕು ವಯಸ್ಸಿನವರಿಗೆ, ಒಂದರಿಂದ ಎಂಟನೇ ತರಗತಿಗೆ. ದೇವದತ್ತ ಒಂಬತ್ತಕ್ಕೆ ಕಾಲಿಟ್ಟ ದಿನವೇ, ಕಾಲು ಉದ್ದವಾಗತೊಡಗಿದ ವರ್ಷವೇ, ಆ ಹಕ್ಕು ಅವನನ್ನು ಗೇಟಿನವರೆಗೆ ಬಿಟ್ಟು ವಾಪಸಾಗುತ್ತದೆ. ಇನ್ನು ಬಡಾವಣೆಯ ಪಾರ್ಕು. ಅಲ್ಲಿ ಕ್ರಿಕೆಟ್ ನಿಷಿದ್ಧ, ಸೈಕಲ್ ನಿಷಿದ್ಧ, ಹುಲ್ಲಿನ ಮೇಲೆ ನಡೆಯುವುದು ನಿಷಿದ್ಧ. ಗಡಿಯಾರದ ಮುಳ್ಳಿನಂತೆ ಬಲಸುತ್ತು ನಡೆಯುವುದೊಂದು ವಿಹಿತ ಕರ್ಮ. ಹದಿನೈದರ ಹುಡುಗ ಬಲಸುತ್ತು ನಡೆದರೆ ಅದನ್ನೂ ಅನುಮಾನಿಸುತ್ತಾರೆ.

ದೇವದತ್ತೆಯ ಪ್ರಕರಣ

ಇದು ಚಿಕ್ಕ ಅಧಿಕರಣ. ಇದರಲ್ಲಿ ಪೂರ್ವಪಕ್ಷ ಒಂದೇ ವಾಕ್ಯದ್ದು: ‘ಹೆಣ್ಣುಮಕ್ಕಳು ಹೀಗಾ?’ ದೇವದತ್ತ ಕಟ್ಟೆ ಮೇಲೆ ಕೂತರೆ ದೂರು ಶಾಲೆಗೆ ಹೋಗುತ್ತದೆ. ದೇವದತ್ತೆ ಕೂತರೆ ನೇರ ಅಮ್ಮನಿಗೆ ಹೋಗುತ್ತದೆ, ಅದೂ ಫೋಟೋ ಸಮೇತ. ಅವನು ಮೂರು ವರ್ಷ ಕೂತು ಸಂಪಾದಿಸುವ ಕುಖ್ಯಾತಿಯನ್ನು ಅವಳು ಒಂದು ಸಂಜೆ, ಸಹಪಾಠಿಯೊಬ್ಬನಿಂದ ಭೌತಶಾಸ್ತ್ರದ ನೋಟ್ಸು ತೆಗೆದುಕೊಂಡ ಅಷ್ಟರಲ್ಲಿ ಗಳಿಸುತ್ತಾಳೆ. ಫೋಟೋ ತೆಗೆದವರ ನಡವಳಿಕೆಯನ್ನು ಯಾವ ಶಾಸ್ತ್ರದಡಿ ಚರ್ಚಿಸಬೇಕೆಂದು ಪ್ರಬಂಧಕಾರ ಕೇಳಿದಾಗ, ಅದು ಕಾಳಜಿ ಎಂಬ ಉತ್ತರ ಬಂತು. ಇಲ್ಲಿ ಪಾಂಡಿತ್ಯ ಸ್ವಲ್ಪ ಕೈಕೊಡುತ್ತದೆ. ಅವಳೀಗ ಗಲ್ಲಿಯಿಂದ ಸುತ್ತಿಬಳಸಿ ಬಸ್ ಸ್ಟಾಪಿಗೆ ಹೋಗುತ್ತಾಳೆ. ಬೀದಿಯ ಮಾನ ಉಳಿಯಿತೆಂದು ಸಂಘ ಭಾವಿಸಿದೆ.

ಅಣಕಕ್ಕೆ ಒಗ್ಗದ ಇನ್ನೊಂದು ಸಂಗತಿ ಸ್ಕೂಟರು. ಹದಿನಾರಕ್ಕೆ ಸಿಗುವ ಪರವಾನಗಿ ಗೇರಿಲ್ಲದ 50 ಸಿಸಿ ಒಳಗಿನ ಗಾಡಿಗೆ. ಷೋರೂಮಿನಲ್ಲಿ ಸಾಲುಗಟ್ಟಿರುವುದು 110, 125ರವು. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಮಿನ ಪ್ರಕಾರ ಅಪ್ರಾಪ್ತನ ಅಪರಾಧಕ್ಕೆ ಪೋಷಕ ಅಥವಾ ಗಾಡಿಯ ಒಡೆಯನೇ ಹೊಣೆ. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಪರವಾನಗಿಯಿಲ್ಲ. ಮುಂದಿನ ಚಕ್ರ ಎತ್ತಿಕೊಂಡು ಮಾರ್ಗೋಸಾ ರಸ್ತೆಯತ್ತ ಹಾರುವ ಮೂವರನ್ನು ನೋಡಿದರೆ ಎದೆ ಧಸಕ್ಕೆನ್ನುತ್ತದೆ, ಈ ವಿಷಯದಲ್ಲಿ ನಾನು ಪೂರ್ತಿ ನಿವಾಸಿಗಳ ಪಕ್ಷ. ಅಡ್ಡಿಯೊಂದೇ. ಕೀ ಕೊಟ್ಟ ತಂದೆ ಶಿಸ್ತು ಉಪಸಮಿತಿಯ ಅಧ್ಯಕ್ಷರು.

ಉಪಾಯ ಕಾಂಡ

ಸಾಮ, ದಾನ, ಭೇದ, ದಂಡ ಎಂದು ಉಪಾಯ ನಾಲ್ಕು. ಸಾಮವೆಂದರೆ ಮಾತು. ಕಟ್ಟೆಯ ಮುಂದೆ ನಿಂತು ಹಿರಿಯರೊಬ್ಬರು ‘ನೀವೇ ನಾಳಿನ ಪ್ರಜೆಗಳು’ ಎಂದು ಆರಂಭಿಸಿ ನಲವತ್ತೇಳರ ತನಕ ಹೋಗಿ ಬಂದರು. ಮಕ್ಕಳು ಶ್ರದ್ಧೆಯಿಂದ ಕೇಳಿದರು, ವಂದನಾರ್ಪಣೆ ಮಾಡಿದರು. ಮರುದಿನ ಪಕ್ಕದ ಸೆಕ್ಷನ್ನಿನವರನ್ನೂ ಕರೆತಂದರು. ದಾನವಾಗಿ ಸಂಘದ ಕೊಠಡಿಯಲ್ಲಿ ಕೇರಂ ಬೋರ್ಡು ಇಡಲಾಯಿತು. ಪೌಡರ್ ಚೆಲ್ಲುತ್ತದೆಂದು ಖಜಾಂಚಿ ಬೀಗ ಹಾಕಿದರು. ಭೇದೋಪಾಯಕ್ಕೆ ಕ್ಲಾಸ್ ಲೀಡರನ್ನು ಗೂಢಚಾರನನ್ನಾಗಿ ನೇಮಿಸಿ ದಿನಕ್ಕೊಂದು ಪಫ್ ಗೊತ್ತುಮಾಡಿದರೆ, ಅವನು ಬಹಳ ದಿನ ಪಫ್ ತಿಂದು, ಸಂಘದ ಒಳಗುಟ್ಟುಗಳನ್ನೆಲ್ಲ ಕಟ್ಟೆಗೆ ಮುಟ್ಟಿಸಿದ. ಕೌಟಿಲ್ಯನ ಕಾಲದಲ್ಲೂ ಇಂಥ ಉಭಯವೇತನರು ಇದ್ದರು.

ಉಳಿದದ್ದು ದಂಡ. ಕಟ್ಟೆಗೆ ಮೊದಲು ನೀರು ಸುರಿದರು. ಬೇಸಿಗೆಯಾದ್ದರಿಂದ ತಂಪಾಯಿತೆಂದು ಮಕ್ಕಳು ಧನ್ಯವಾದ ಹೇಳಿದರು. ಹಳೆಯ ಎಂಜಿನ್ ಆಯಿಲ್ ಬಳಿದರು. ಅದರ ಮೇಲೆ ಮಕ್ಕಳು ಪ್ರಶ್ನೆಪತ್ರಿಕೆಗಳನ್ನು ಹಾಸಿ ಕೂತರು, ಪ್ರಶ್ನೆಪತ್ರಿಕೆಗೆ ಅಂಥ ಉಪಯೋಗ ಅದೇ ಮೊದಲು. ಕೊನೆಗೆ ವೆಲ್ಡಿಂಗಿನವನನ್ನು ಕರೆಸಿ, ಬೀದಿಯುದ್ದಕ್ಕೂ ಕಾಂಪೌಂಡುಗಳ ನೆತ್ತಿಗೆ ಬಾಣದ ಮೊನೆಯ ಕಬ್ಬಿಣದ ಸಾಲು ಕೂರಿಸಿದರು. ಚಪ್ಪಡಿಗಳನ್ನು ಓರೆಯಾಗಿ ಎತ್ತರಿಸಿ ಸಿಮೆಂಟು ಮೆತ್ತಿದರು. ಹುಡುಗರು ಅರ್ಧ ಸಂಜೆ ತಬ್ಬಿಬ್ಬಾಗಿ, ಆಮೇಲೆ ನಿಲ್ಲಿಸಿದ ಸ್ಕೂಟರುಗಳ ಸೀಟಿನ ಮೇಲೆ ಕೂತರು. ಆದರೆ ಬೆಳಿಗ್ಗೆ ಹೂ ಬುಟ್ಟಿ ಇಳಿಸಿ ಅದೇ ಚಪ್ಪಡಿಯ ಮೇಲೆ ಮಾಲೆ ಕಟ್ಟುತ್ತಿದ್ದ ಹೂವಿನವಳಿಗೆ ಜಾಗ ಹೋಯಿತು. ಮಾರುಕಟ್ಟೆಯಿಂದ ಬರುವಾಗ ಎರಡು ನಿಮಿಷ ಅಲ್ಲಿ ಕೂತು ಏದುಸಿರು ಇಳಿಸಿಕೊಳ್ಳುತ್ತಿದ್ದ ಮಂಡಿನೋವಿನ ಹೆಂಗಸರು ಈಗ ಮೊನೆಗಳನ್ನು ಹಿಡಿದುಕೊಂಡು ನಿಲ್ಲುತ್ತಾರೆ. ಪೇಪರಿನ ಹುಡುಗ, ಗ್ಯಾಸಿನವನು, ನಗೆ ಕೂಟದ ಸಂಚಾಲಕರು, ಎಲ್ಲರ ಕಟ್ಟೆಯೂ ಒಂದೇ ಆಗಿತ್ತೆಂಬುದು ಅದು ಹೋದಮೇಲೆ ತಿಳಿಯಿತು. ವೆಲ್ಡಿಂಗಿನ ಖರ್ಚನ್ನು ಮನೆಗಿಷ್ಟೆಂದು ಹಂಚುವಾಗ ಮೂಲೆ ನಿವೇಶನದವರು ಎರಡು ಕಡೆಯ ಉದ್ದಕ್ಕೆ ಕೊಡಬೇಕೋ ಒಂದು ಕಡೆಗೋ ಎಂಬ ವಾದ ಹುಟ್ಟಿತು, ಅದಿನ್ನೂ ಮುಗಿದಿಲ್ಲ.

ಬೇಸಿಗೆಯ ವೈಪರೀತ್ಯ

ಈ ಪ್ರಬಂಧಕ್ಕೆ ಸ್ವತಂತ್ರ ಶೋಧವೆಂದು ಹೇಳಿಕೊಳ್ಳುವಂಥದ್ದೇನಾದರೂ ಇದ್ದರೆ ಅದು ಇದು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂದಾಗ ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ, ಜೆರಾಕ್ಸ್ ಅಂಗಡಿ ಬಂದ್. ಬರೆಯುವ ಮಕ್ಕಳು ಒಳಗೆ ಗಪ್‌ಚಿಪ್ಪಾಗಿ ಕೂತಿರುತ್ತಾರೆ, ಗುಂಪುಗೂಡಿ ಪೊಲೀಸರಿಂದ ಗದರಿಸಿಕೊಳ್ಳುವವರು ಗೇಟಿಗೆ ಆತುಕೊಂಡ ತಂದೆತಾಯಿಗಳು. ಹಿಂದೆಯೇ ಬೇಸಿಗೆ ರಜೆ. ಬೀದಿ ಸಂಜೆಯಲ್ಲಿ ಖಾಲಿ. ನಿವಾಸಿಗಳಿಗೆ ಶಾಂತಿ ಸಿಗಬೇಕಾದ ಕಾಲ.

ಸಿಗುವುದಿಲ್ಲ. ರಜೆಯ ಮೊದಲ ವಾರದಲ್ಲೇ ಹೊಂಗೆಯ ಎಲೆ ಯಾರ ಅಂಗಳದ್ದು ಎಂದು ಎರಡು ಮನೆಗಳಿಗೆ ಮಾತು ಬಿಡುತ್ತದೆ. ಮಹಡಿಯ ಕುಂಡದ ನೀರು ಕೆಳಗಿನವರ ಸಂಡಿಗೆ ಮೇಲೆ ತೊಟ್ಟಿಕ್ಕುತ್ತದೆ. ಕಾರು ಅರ್ಧ ಅಡಿ ಮುಂದೆ ಬಂದದ್ದಕ್ಕೆ ಚಾಕ್‌ಪೀಸಿನಲ್ಲಿ ಗಡಿ ಎಳೆಯುತ್ತಾರೆ. ಅಧ್ಯಕ್ಷರು ಲೆಕ್ಕ ಒಪ್ಪಿಸಿಲ್ಲ ಎಂಬ ಅನಾಮಧೇಯ ಕಾಗದ ಹಾಲಿನ ಬೂತಿನಲ್ಲಿ ಅಂಟುತ್ತದೆ. ಆಮೇಲೆ ಶಾಲೆ ತೆರೆದು, ಮೊದಲ ದಿನವೇ ದೇವದತ್ತನ ಪಟಾಲಮ್ಮು ‘ಮಗಾ’ ಎಂದು ಕಿರುಚಿದೊಡನೆ ಇಡೀ ಬೀದಿ ಒಂದಾಗಿ ತುರ್ತು ಸಭೆ ಕರೆಯುತ್ತದೆ, ಮಾತು ಬಿಟ್ಟವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಇದರಿಂದ ನಾನು ಹೊರಡಿಸುವ ಸಿದ್ಧಾಂತ: ಹೈಸ್ಕೂಲು ಮಕ್ಕಳು ಬಡಾವಣೆಯ ಅರ್ಥಿಂಗ್. ಮನೆಮನೆಯಲ್ಲಿ ಸೋರುವ ಕರೆಂಟೆಲ್ಲ ಅವರ ಮೂಲಕ ನೆಲಕ್ಕಿಳಿಯುತ್ತದೆ. ಹಾಗಾಗಿ ಕಟ್ಟೆ ಮೇಲೆ ಕೂರುವುದನ್ನು ನಾಗರಿಕ ಸೇವೆಯೆಂದು ಪರಿಗಣಿಸಿ, ಕಾಂಗ್ರೆಸ್ ಕಡಲೇಕಾಯಿಯ ರೂಪದಲ್ಲಾದರೂ ಗೌರವಧನ ಕೊಡಬೇಕೆಂದು ಸಂಘಕ್ಕೆ ಶಿಫಾರಸು ಮಾಡಿದ್ದೇನೆ.

ಕೊನೆಯದೊಂದು ತೊಡಕು. ‘ಅದೇ ಹುಡುಗರು’ ಎಂದು ನಿವಾಸಿಗಳು ದಶಕಗಳಿಂದ ದೂರುತ್ತಿದ್ದಾರೆ. ಹೈಸ್ಕೂಲು ಮೂರೇ ವರ್ಷದ್ದು. ಪಿಯುಸಿಗೆ ಹೋದವರು ಈ ಕಡೆ ತಲೆ ಹಾಕುವುದಿಲ್ಲ. ಬೌದ್ಧರು ದೀಪದ ಕುಡಿಯನ್ನು ತೋರಿಸಿ, ಕ್ಷಣಕ್ಷಣಕ್ಕೂ ಅದು ಬೇರೆಯೇ, ಒಂದೇ ಎಂಬುದು ಭ್ರಮೆ ಎಂದರು. ನೈಯಾಯಿಕರು ‘ಇವನು ಅದೇ ದೇವದತ್ತ’ ಎಂಬ ಗುರುತಿನ ಜ್ಞಾನವನ್ನೇ ಮುಂದೊಡ್ಡಿ ಸ್ಥಿರತ್ವವನ್ನು ಸಾಧಿಸಿದರು. ಕಟ್ಟೆಯ ವಿಷಯದಲ್ಲಿ ಬೀದಿಯೆಲ್ಲ ನೈಯಾಯಿಕರದು. ಶಾಲೆಯ ಹಾಜರಿ ಪುಸ್ತಕವೊಂದೇ ಬೌದ್ಧ ಪಕ್ಷ.

ಹಸ್ತಪ್ರತಿಯನ್ನು ಸರ್ವಸದಸ್ಯರ ಸಭೆಗೆ ಹಂಚಲು ಜೆರಾಕ್ಸ್ ಅಂಗಡಿಗೆ ಒಯ್ದಿದ್ದೆ. ರೆಕಾರ್ಡ್ ಪುಸ್ತಕದ ಚಿತ್ರಕ್ಕೆ ಪ್ರತಿ ಮಾಡಿಸಲು ಬಂದಿದ್ದ ಬಿ ಸೆಕ್ಷನ್ನಿನವನೊಬ್ಬ ನನ್ನ ಹಾಳೆಗಳ ಮೇಲೆ ಕಣ್ಣಾಡಿಸಿದ. ಒಬ್ಬನೇ ಇದ್ದುದರಿಂದ ನಮಸ್ತೆ ಹೇಳಿದ.

‘ಅಂಕಲ್, ಇದು ಎಷ್ಟು ಮಾರ್ಕ್ಸಿಗೆ?’

ಮಾರ್ಕ್ಸಿಗಲ್ಲ, ಸುಮ್ಮನೆ ಬರೆದದ್ದು ಎಂದೆ. ಅವನು ಹಾಳೆಗಳನ್ನು ಬೆರಳಲ್ಲಿ ಎಣಿಸಿ, ‘ಸುಮ್ಸುಮ್ನೆ ಇಷ್ಟೊಂದಾ? ನಿಮಗೆ ಸಂಜೆ ಹೊತ್ತು ಟ್ಯೂಷನ್ ಇಲ್ವಾ?’ ಎಂದ.